ಕೈಯಿಂದ ಕೈಗೆ ಕೊಟ್ಟ ಉಪ್ಪು

“ಕೈಯಾಗ ಕೊಡಬ್ಯಾಡವಾ, ಕೆಳಗಿಡು,” ಎಂದ ಗೋಪಣ್ಣಜ್ಜ.

ಬನಶಂಕರಿ ಮಗ್ಗದ ಕುಣಿಯ ಅಂಚಿನಲ್ಲಿ ಕುಳಿತು, ಬಿಗಿ ಹಿಡಿದಿದ್ದ ಮುಷ್ಟಿಯನ್ನು ಬಿಚ್ಚಿದಳು. ಅಜ್ಜ ಹಾಸಿದ್ದ ಬಟ್ಟೆಯ ಚೂರಿನ ಮೇಲೆ ಐದಾರು ಹರಳುಪ್ಪು ಉದುರಿದವು. ಬೆಳಕಿಂಡಿಯಿಂದ ಇಳಿದ ಮಧ್ಯಾಹ್ನದ ಬಿಸಿಲು ಅವುಗಳೊಳಗೆ ಹೊಕ್ಕು ಅಲ್ಲೇ ಕುಳಿತುಬಿಟ್ಟಿತು.

“ಕೈಯಾಗ ಕೊಟ್ರ ಏನಾಗತೈತಿ ಅಜ್ಜಾ?”

“ಉಪ್ಪು ಕೈಯಿಂದ ಕೈಗೆ ಹೋದ್ರ ಇಬ್ಬರೊಳಗ ಜಗಳಾ ಬೀಳತೈತಿ. ನಿಮ್ಮವ್ವನ ಕೂಡ ಬಿದ್ದೈತಿ, ಡಾಕ್ಟರ ಕೂಡ ಬಿದ್ದೈತಿ. ನೀ ಒಬ್ಬಾಕಿ ಉಳಿದೀ. ನಿನ್ನ ಕೂಡ ಬ್ಯಾಡ.”

ಅಜ್ಜ ಉಪ್ಪನ್ನು ಮಜ್ಜಿಗೆಯ ತಂಬಿಗೆಗೆ ಹಾಕಿ, ಬೆರಳಿನಿಂದ ತಿರುವಿ, ಗಟಗಟ ಕುಡಿದ. ಆಮೇಲೆ ಕಣ್ಣು ಮುಚ್ಚಿಕೊಂಡ. ದೂರದ ಊರಿನಿಂದ ಬಂದ ಯಾರದೋ ಮಾತು ಕೇಳುತ್ತಿರುವವನಂತೆ ತಲೆ ವಾಲಿಸಿದ.

“ಹೋಗು. ನಿಮ್ಮವ್ವ ಕೇಳಿದ್ರ, ಅಜ್ಜ ಲಾಳಿ ಹುಡುಕಾಕ ಕರದಿದ್ದ ಅನ್ನು.”

ಬನಶಂಕರಿಗೆ ಸುಳ್ಳು ಹೇಳುವುದು ಇಷ್ಟವಿರಲಿಲ್ಲ. ಆದರೆ ಅಜ್ಜನಿಗೆ ಉಪ್ಪು ತಂದುಕೊಡದಿದ್ದರೆ ಏನಾದೀತು ಎಂಬ ಹೆದರಿಕೆ ಸುಳ್ಳಿಗಿಂತ ದೊಡ್ಡದಾಗಿತ್ತು.

ಇದು ಶುರುವಾದದ್ದು ದಸರೆಗೆ ಮುಂಚೆ. ಒಂದು ಮುಂಜಾನೆ ಮಗ್ಗದ ಕುಣಿಯಿಂದ ಮೇಲೇಳುವಾಗ ಅಜ್ಜನಿಗೆ ಕಣ್ಣು ಕತ್ತಲಿಟ್ಟಿತ್ತು; ಅವನು ಗೋಡೆ ಹಿಡಿದು ನಿಂತಿದ್ದ. ಅಪ್ಪ ಪ್ರಲ್ಹಾದ ಅವನನ್ನು ಟಾಂಗಾದಲ್ಲಿ ಕೂರಿಸಿಕೊಂಡು ಬೆಟಗೇರಿಯಿಂದ ಗದುಗಿನ ಕುಬೇರಪ್ಪ ಡಾಕ್ಟರ ಬಳಿಗೆ ಕರೆದೊಯ್ದ. ಬನಶಂಕರಿಯೂ ಹೋಗಿದ್ದಳು. ಡಾಕ್ಟರು ಉದ್ದನೆಯ ಒಂದು ಪೆಟ್ಟಿಗೆ ತೆರೆದರು. ಒಳಗೆ ಗಾಜಿನ ಕೊಳವೆ, ಕೊಳವೆಯ ಬುಡದಲ್ಲಿ ಪಾದರಸ. ಅಜ್ಜನ ತೋಳಿಗೆ ಪಟ್ಟಿ ಸುತ್ತಿ ರಬ್ಬರಿನ ಉಂಡೆಯನ್ನು ಹಿಸುಕಿದಾಗ, ಪಾದರಸ ಬೆಳ್ಳಿಯ ಬಳ್ಳಿಯಂತೆ ಮೇಲೇರಿತು.

“ಬ್ಲಡ್ ಪ್ರೆಶರ್ ಭಾಳ ಏರೇತಿ ಗೋಪಣ್ಣಾರ. ಊಟದಾಗ ಉಪ್ಪು ಬಿಡ್ರಿ. ಮುಂಜಾನಿ ಒಂದು, ಸಂಜಿಗೊಂದು ಈ ಗುಳಿಗಿ ತಗೋರಿ. ಸರ್ಪಗಂಧದ ಬೇರಿನಿಂದ ಮಾಡಿದ್ದು.”

“ಬೇರು ಅಂದ್ರ, ನಮ್ಮ ಕಪ್ಪತಗುಡ್ಡದ ಬೇರೇನ್ರಿ?” ಎಂದು ಅಜ್ಜ ನಕ್ಕಿದ್ದ. “ಹಂಗಾದ್ರ ಎಷ್ಟು ದಿನ ತಗೋಬೇಕ್ರಿ?”

“ಮಗ್ಗಕ್ಕ ಎಷ್ಟು ದಿನ ಕುಂಡ್ರತೀರಿ, ಅಷ್ಟು ದಿನ.”

ಅಂದಿನಿಂದ ಅವ್ವ ದ್ಯಾಮವ್ವ ಅಜ್ಜನ ಅಡಿಗೆಯನ್ನು ಬೇರೆ ಮಾಡತೊಡಗಿದಳು. ಅವನ ತಾಟಿನ ಮೂಲೆಯಲ್ಲಿ ಉಪ್ಪಿಲ್ಲ, ಉಪ್ಪಿನಕಾಯಿಯಿಲ್ಲ. ಉಳಿದವರ ಊಟ ನೋಡಿದರೆ ಆಸೆಯಾಗುತ್ತದೆಂದು ಅಜ್ಜ ತನ್ನ ತಾಟನ್ನು ಮಗ್ಗದ ಬಳಿಗೇ ತರಿಸಿಕೊಳ್ಳುತ್ತಿದ್ದ.

ಗುಳಿಗೆ ಅವನಿಗೆ ಮಂಪರು ತಂದಿತು. ಮಗ್ಗದ ಸದ್ದಿನಲ್ಲಿ ಅದು ತಿಳಿಯುತ್ತಿತ್ತು. ಮೊದಲು ‘ಟಕ್ ಟಕಾ, ಟಕ್ ಟಕಾ’ ಎಂದು ಓಡುತ್ತಿದ್ದ ಸದ್ದು, ಈಗ ‘ಟಕ್’ ಎಂದು ನಿಂತು, ಏನನ್ನೋ ನೆನೆದು, ಆಮೇಲೆ ‘ಟಕಾ’ ಎನ್ನುತ್ತಿತ್ತು. ಆ ನಡುವಿನ ಮೌನದಲ್ಲಿ ಅಜ್ಜ ತೂಕಡಿಸುತ್ತಿದ್ದ, ಕನಸು ಕಾಣುತ್ತಿದ್ದ.

“ಕನಸಿನಾಗ ನಾ ನೂಲಿನ ಲಡಿ ಆಗಿದ್ನೆವಾ,” ಎಂದು ಒಂದು ದಿನ ಹೇಳಿದ. “ಬಣ್ಣದ ಹಂಡೇದಾಗ ತೇಲಾಕತ್ತಿದ್ದೆ. ಹೊರಗ ತಗದು ನೋಡಿದ್ರ ನನಗ ಬಣ್ಣಾನ ಇಲ್ಲ. ಯಾರಿಗೂ ನನ್ನ ಗುರ್ತಾ ಹತ್ತಲಿಲ್ಲ.”

“ಯಾಕ ಅಜ್ಜಾ?”

“ಹಂಡೇಕ್ಕ ಉಪ್ಪು ಹಾಕಿರಲಿಲ್ಲ ನೋಡು. ಉಪ್ಪಿಲ್ದ ನೂಲಿಗೇ ಬಣ್ಣ ಹಿಡಿಯಾಂಗಿಲ್ಲ. ಮನಷ್ಯಾಗ ಹಿಡಿತೈತೇನು?”

ಅಜ್ಜ ಅದನ್ನು ನಗುತ್ತ ಹೇಳಿದ್ದ. ಬನಶಂಕರಿ ನಗಲಿಲ್ಲ. ಹಿತ್ತಲಿನ ಬಣ್ಣದ ಮನೆಯಲ್ಲಿ ಅಪ್ಪ ನೂಲಿಗೆ ಬಣ್ಣ ಹಾಕುವುದನ್ನು ಅವಳು ತೊಟ್ಟಿಲಲ್ಲಿದ್ದಾಗಿನಿಂದ ನೋಡುತ್ತ ಬಂದಿದ್ದಳು. ಕುದಿಯುವ ಹಂಡೆಗೆ ಅವನು ಬೊಗಸೆ ಬೊಗಸೆ ಉಪ್ಪು ಸುರಿಯುತ್ತಿದ್ದ. ಆಗ ಬಣ್ಣ ನೀರನ್ನು ಬಿಟ್ಟು ನೂಲಿನೊಳಗೆ ಹೋಗಿ ಕೂರುತ್ತಿತ್ತು. ಅಜ್ಜನ ಮುಖವನ್ನು ಅವಳು ದಿಟ್ಟಿಸಿ ನೋಡಿದಳು. ಹೌದು, ಕೆನ್ನೆ ಬಿಳುಚಿತ್ತು. ತುಟಿಯೂ ಬಿಳುಚಿತ್ತು. ಅಜ್ಜ ಬಣ್ಣ ಬಿಡುತ್ತಿದ್ದ.

ಅಂದು ಅಜ್ಜ ಕೇಳುವ ಮೊದಲೇ ಅವಳು ಬಣ್ಣದ ಮನೆಯ ಉಪ್ಪಿನ ಗಡಿಗೆಗೆ ಕೈ ಹಾಕಿದಳು. ಅಡಿಗೆಮನೆಯ ಉಪ್ಪಿನ ಮೇಲೆ ಅವ್ವನ ಕಣ್ಣಿತ್ತು. ಬಣ್ಣದ ಮನೆಯ ಉಪ್ಪಿನ ಮೇಲೆ ಯಾರ ಕಣ್ಣೂ ಇರಲಿಲ್ಲ.

ಆಗ ಶಾಲೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತಿತ್ತು. ನವೆಂಬರ್ ಒಂದನೆಯ ತಾರೀಖು ಕನ್ನಡದ ಸೀಮೆಗಳೆಲ್ಲ ಒಂದಾಗುತ್ತವೆ. ಹುಚ್ಚೀರಪ್ಪ ಮಾಸ್ತರರು ಶಾಲೆಯ ಬಯಲಿನಲ್ಲಿ ಸುಣ್ಣದಿಂದ ದೊಡ್ಡ ನಕಾಶೆ ಬರೆಯುವುದಾಗಿ ಹೇಳಿದ್ದರು. ಅದರ ಅಂಚಿನ ಸುತ್ತ ಗೂಟ ಬಡಿದು, ಒಂದೇ ಒಂದು ಕೆಂಪು ನೂಲನ್ನು ಸುತ್ತಬೇಕು.

“ನಡುವ ಗಂಟು ಇರಬಾರದು,” ಎಂದಿದ್ದರು ಮಾಸ್ತರರು. “ಬೀದರದಿಂದ ಕೊಡಗಿನತನಕ ಒಂದ ಎಳಿ. ಯಾರು ತರತೀರಿ?”

ಬನಶಂಕರಿ ಕೈ ಎತ್ತಿದ್ದಳು. ಸುದ್ದಿ ಕೇಳಿ ಅಜ್ಜನ ಮಂಪರೇ ಹಾರಿಹೋಯಿತು.

“ನಾ ಹರೇದಾಗ ಲಕ್ಷ್ಮೇಶ್ವರಕ್ಕ ಸೀರಿ ಮಾರಾಕ ಹೊಕ್ಕಿದ್ದೆ. ಒಂದು ದಿನದ ದಾರಿ. ಆದ್ರ ಅದು ಬ್ಯಾರೆ ರಾಜನ ಸೀಮಿ. ಇಲ್ಲೂ ಕನ್ನಡ, ಅಲ್ಲೂ ಕನ್ನಡ, ನಡುವ ಸುಂಕದ ನಾಕಾ. ಆ ನೂಲಿನ ತುದಿ ನಾ ಹಿಡಕೊಂಡು ನಿಂದ್ರತೀನವಾ. ನೀ ಸುತ್ತಿ ಬಾ.”

“ಖರೆ ಬರ್ತಿಯೇನು?”

“ಖರೆ.”

ಅಪ್ಪ ಒಂದು ಲಡಿಗೆ ಗಾಢವಾದ ಕೆಂಪು ಬಣ್ಣ ಹಾಕಿಕೊಟ್ಟ. ತೊಳೆಯುವ ಕೆಲಸ ಬನಶಂಕರಿಯದು. ಗೆಳತಿ ಅಮೀನಬಿ ಬಾಗಿಲಲ್ಲಿ ನಿಂತು “ಬಾರೇ ಜಲ್ದಿ, ಆಟ ಮುಗೀತೈತಿ” ಎಂದು ಕೂಗುತ್ತಿದ್ದಳು. ಬನಶಂಕರಿ ಲಡಿಯನ್ನು ನೀರಿನಲ್ಲಿ ಒಮ್ಮೆ ಅದ್ದಿ, ಹಿಂಡಿ, ಹಗ್ಗಕ್ಕೆ ಹಾಕಿ ಓಡಿದಳು.

ಭಾನುವಾರ ಕುಬೇರಪ್ಪ ಡಾಕ್ಟರು ಸೈಕಲ್ಲಿನಲ್ಲಿ ಮನೆಗೇ ಬಂದರು. ಪೆಟ್ಟಿಗೆ ತೆರೆದು ಪಟ್ಟಿ ಸುತ್ತಿದರು. ಪಾದರಸ ಏರಿತು, ಏರಿತು, ಕಳೆದ ಸಲದ ಗೆರೆಯನ್ನೂ ದಾಟಿತು. ಡಾಕ್ಟರು ಎರಡನೆಯ ಸಲ ನೋಡಿದರು. ಅವರ ಹುಬ್ಬು ಗಂಟಿಕ್ಕಿತು.

“ಗುಳಿಗಿ ತಗೋಳಾಕತ್ತೀರಿಲ್ಲೋ?”

“ಒಂದೂ ತಪ್ಪಿಸಿಲ್ರಿ.”

“ಉಪ್ಪು?”

ಅಜ್ಜ ಮಗ್ಗದ ಕಡೆ ನೋಡಿದ. “ಬಿಟ್ಟೀನ್ರಿ.”

“ಒಂದು ಹರಳೂ ಹಾಕಿಲ್ರಿ ನಾ,” ಎಂದಳು ಅವ್ವ, ಬಾಗಿಲ ಮರೆಯಿಂದ. “ಮಾವಾರಿಗೆ ಬ್ಯಾರೇನ ಮಾಡತೀನ್ರಿ.”

ಡಾಕ್ಟರು ಬಗ್ಗಿ ಅಜ್ಜನ ಮೊಣಕಾಲಿನ ಕೆಳಗೆ, ಎಲುಬಿನ ಮೇಲೆ, ಹೆಬ್ಬೆರಳನ್ನು ಒತ್ತಿ ತೆಗೆದರು. ಅಲ್ಲಿ ಒಂದು ಗುಳಿ ಬಿದ್ದಿತ್ತು. ಬನಶಂಕರಿ ಮನಸ್ಸಿನಲ್ಲೇ ಎಣಿಸಿದಳು. ಹತ್ತು ಎಣಿಸಿದರೂ ಗುಳಿ ತುಂಬಲಿಲ್ಲ.

“ಮೈಯಾಗ ನೀರು ನಿಂತೈತಿ,” ಎಂದರು ಡಾಕ್ಟರು ಮೆಲ್ಲಗೆ.

“ಆದ್ರ ನನಗೇನೂ ನೋವಿಲ್ಲಲ್ರಿ ಸಾಹೇಬ್ರ.”

“ಅದ ನೋಡ್ರಿ ಇದರ ಕೆಟ್ಟ ಗುಣ. ನೋಯಾಂಗಿಲ್ಲ, ಕೂಗಾಂಗಿಲ್ಲ. ನಿಮ್ಮ ಎದಿ ಮಾತ್ರ ಹಗಲೂ ರಾತ್ರಿ ದುಪ್ಪಟ್ಟು ಕೆಲಸ ಮಾಡಾಕತ್ತಿರತೈತಿ. ಹಿಂಗ ಬಿಟ್ರ ಅದು ಒಂದಿನ ಸೋತು ಕೈ ಬಿಡತೈತಿ. ಆಗ ನಾ ಸೈಕಲ್ ತುಳಕೊಂಡು ಬಂದ್ರೂ ಏನೂ ಮಾಡಾಕ ಬರಾಂಗಿಲ್ಲ. ಈಗ ಬರತೈತಿ.”

ಬನಶಂಕರಿ ಬಲಗೈಯನ್ನು ಪರಕಾರದ ನೆರಿಗೆಯೊಳಗೆ ಮುಚ್ಚಿಟ್ಟುಕೊಂಡಳು.

ಡಾಕ್ಟರು ಹೋದ ಮೇಲೆ ಅವಳು ಹಿತ್ತಲಿಗೆ ಬಂದಳು. ಅವಳಿಗೆ ಏನೊಂದೂ ತಿಳಿಯುತ್ತಿರಲಿಲ್ಲ. ಉಪ್ಪು ಕೊಡದಿದ್ದರೆ ಅಜ್ಜ ಬಣ್ಣ ಬಿಡುತ್ತಾನೆ. ಕೊಟ್ಟರೆ ಅಜ್ಜನ ಎದೆ ಸೋಲುತ್ತದೆ. ಎರಡೂ ಹೇಗೆ ನಿಜವಾದೀತು?

ಹಗ್ಗದ ಮೇಲೆ ಲಡಿಗಳು ತೂಗುತ್ತಿದ್ದವು. ಅಪ್ಪ ತೊಳೆದು ಹಾಕಿದ ಹಳದಿ, ನೀಲಿ ಲಡಿಗಳು ಗಾಳಿಗೆ ಹಗುರಾಗಿ ಹಾರಾಡುತ್ತಿದ್ದವು. ಅವಳ ಕೆಂಪು ಲಡಿಯೊಂದೇ ಅಲುಗಾಡದೆ, ಜೋತುಬಿದ್ದು ನಿಂತಿತ್ತು. ಮುಟ್ಟಿದರೆ ತಣ್ಣಗೆ, ಒದ್ದೆ.

“ಅಪ್ಪಾ, ಮೂರು ದಿನ ಆತು. ಇದ್ಯಾಕ ಒಣಗವಲ್ದು?”

ಅಪ್ಪ ಒಂದು ಎಳೆಯನ್ನು ನಾಲಿಗೆಗೆ ತಾಗಿಸಿ ನೋಡಿದ. “ಎಷ್ಟು ನೀರಾಗ ತೊಳದೆವಾ?”

“ಒಂದ.”

“ಆಟಕ್ಕ ಓಡಿದಿ ಹೌದಿಲ್ಲೋ?” ಅಪ್ಪ ಬೈಯಲಿಲ್ಲ. “ಉಪ್ಪು ಉಳದೈತಿ ನೋಡು. ಬಣ್ಣ ಹಿಡಿಯೋತನಕ ಉಪ್ಪು ಬೇಕು. ಹಿಡಿದ ಮ್ಯಾಲ ತೊಳದು ಕಳಿಸಬೇಕು. ಉಳಿದ್ರ ಅದು ಗಾಳ್ಯಾಗಿನ ನೀರು ಎಳಕೊಂತ ಕುಂಡ್ರತೈತಿ. ಇದನ್ನ ಮಗ್ಗಕ್ಕ ಹೂಡಿದ್ರ ಭಾರಕ್ಕ ಎಳಿ ಪಟಪಟ ಹರೀತಾವು.”

ಅಪ್ಪ ಒಳಗೆ ಹೋದ. ಬನಶಂಕರಿ ಅಲ್ಲೇ ನಿಂತಳು. ಲಡಿಯನ್ನು ಅಂಗೈ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದಳು. ತೆಗೆದಳು. ಒದ್ದೆ ನೂಲಿನಲ್ಲಿ ಅವಳ ಬೆರಳಿನ ಗುಳಿ ಹಾಗೇ ಉಳಿಯಿತು. ಹತ್ತು ಎಣಿಸಿದಳು. ಗುಳಿ ತುಂಬಲಿಲ್ಲ.

ಹಿತ್ತಲಿನ ಬೇವಿನ ಮರ ಒಮ್ಮೆ ಸುಯ್ಯೆಂದಿತು. ಬಿಸಿಲು ಹಳದಿಯಿಂದ ನೀಲಿಗೆ, ನೀಲಿಯಿಂದ ಕೆಂಪಿಗೆ ಹೆಜ್ಜೆಯಿಟ್ಟು ಬಂದು ಅವಳ ಕೈಮೇಲೆ ನಿಂತಿತು. ಅಜ್ಜನಿಗೆ ಬಣ್ಣ ಯಾವಾಗಲೋ ಹಿಡಿದಿತ್ತು. ಅರವತ್ತೈದು ವರ್ಷಗಳ ಬಣ್ಣ. ಇನ್ನು ಉಳಿದದ್ದು ಬರೀ ಉಪ್ಪು.

ಮರುದಿನ ಮಧ್ಯಾಹ್ನ ಅಜ್ಜ ಮಜ್ಜಿಗೆಯ ತಂಬಿಗೆ ಪಕ್ಕದಲ್ಲಿಟ್ಟುಕೊಂಡು, ಬಟ್ಟೆಯ ಚೂರು ಹಾಸಿ ಕುಳಿತಿದ್ದ. ಬನಶಂಕರಿ ಬಂದಳು. ಮುಷ್ಟಿ ಬಿಗಿಯಾಗಿತ್ತು. ಅವಳು ಕೂರಲಿಲ್ಲ. ಕೈಯನ್ನು ನೇರ ಅವನ ಮುಂದೆ ಚಾಚಿದಳು.

“ಕೆಳಗಿಡವಾ.”

“ಇಡಾಂಗಿಲ್ಲ. ಕೈಯಾಗ ತಗೋ.”

“ಹುಚ್ಚಿ, ಜಗಳಾ ಬೀಳತೈತಿ.”

“ಬೀಳಲಿ. ಜಗಳಾ ಆಡಾಕ ಬಂದೀನಿ.”

ಅಜ್ಜ ತಲೆಯೆತ್ತಿ ಅವಳ ಮುಖ ನೋಡಿದ. ಎಡಗೈಯಲ್ಲಿ ಆ ಕೆಂಪು ಲಡಿಯಿತ್ತು. ಅವಳು ಅದನ್ನು ಅವನ ತೊಡೆಯ ಮೇಲೆ ಇಟ್ಟಳು.

“ಎತ್ತಿ ನೋಡು.”

ಐವತ್ತು ವರ್ಷ ನೂಲು ಹಿಡಿದ ಕೈ ಅದು. ಎತ್ತಿದ ಕೂಡಲೇ ಅದಕ್ಕೆ ತಿಳಿಯಿತು. “ಉಪ್ಪು ಉಳದೈತಿ ಇದರಾಗ,” ಎಂದ ಅಜ್ಜ. “ನೀರು ಕುಡದು ಭಾರ ಆಗೇತಿ.”

“ನೀನೂ ಹಂಗ ಆಗೀ.”

ಅಜ್ಜ ಲಡಿಯನ್ನು ಮತ್ತೆ ತೊಡೆಯ ಮೇಲೆ ಇಳಿಸಿದ. ಬೆಳಕಿಂಡಿಯ ಬಿಸಿಲಿನಲ್ಲಿ ನೂಲಿನ ಧೂಳು ಮೇಲೆ ಕೆಳಗೆ ತೇಲುತ್ತಿತ್ತು.

“ಉಪ್ಪಿಲ್ಲಂದ್ರ ಬಾಯಿಗೆ ರುಚಿ ಇಲ್ಲವಾ,” ಎಂದ ಕೊನೆಗೆ, ಸಣ್ಣ ದನಿಯಲ್ಲಿ. “ಗುಳಿಗಿ ತಗೊಂಡ್ರ ಬರೇ ನಿದ್ದಿ. ಕೈ ಓಡಾಂಗಿಲ್ಲ.”

“ಸಾವಕಾಶ ನೇಯಿ. ನಿನ್ನ ಹಿಂದ ಯಾರು ಬೆನ್ನ ಹತ್ಯಾರ? ನೂಲಿನ ತುದಿ ನೀ ಹಿಡೀತೀನಿ ಅಂದಿ. ಮಾಸ್ತರಿಗೆ ಹೇಳೀನಿ ನಾ. ನೀ ಬರದಿದ್ರ ಆ ತುದಿ ಯಾರ ಕೈಯಾಗ ಕೊಡ್ಲಿ?”

ಚಾಚಿದ ಅವಳ ಮುಷ್ಟಿ ಇನ್ನೂ ಹಾಗೇ ಇತ್ತು. ಅಜ್ಜ ಅದನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಬೆರಳು ಬಿಡಿಸಿದ. ಉಪ್ಪು ಬೆವರಿಗೆ ಅರ್ಧ ಕರಗಿ ಅಂಗೈಗೆ ಅಂಟಿತ್ತು. ಅವನು ತನ್ನ ಧೋತರದ ಚುಂಗಿನಿಂದ ಅವಳ ಅಂಗೈಯನ್ನು ನಿಧಾನವಾಗಿ ಒರೆಸಿದ. ಮೂಲೆ ಮೂಲೆಗೆ ಒರೆಸಿದ. ಆಮೇಲೆ ಸಪ್ಪೆ ಮಜ್ಜಿಗೆಯನ್ನು ಎತ್ತಿ ಕುಡಿದು, ಮುಖ ಹಿಂಡಿದ.

“ಥೂ, ನೀರ ಇದು. ಜಗಳಾ ಗೆದ್ದಿ ನೋಡು.”

ಸಂಜೆ ಅವನೇ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಹೇಳಿದ: “ದ್ಯಾಮವ್ವಾ, ಇಷ್ಟು ದಿನ ಕದ್ದು ಉಪ್ಪು ತಿಂದೀನಿ. ಡಾಕ್ಟರಿಗೆ ಹೇಳಿ ಕಳಸ್ರಿ.”

“ನಾ ತಂದು ಕೊಡತಿದ್ದೆ,” ಎಂದಳು ಬನಶಂಕರಿ ಹಿಂದಿನಿಂದ.

ಅವ್ವ ಇಬ್ಬರನ್ನೂ ನೋಡಿದಳು. ರೊಟ್ಟಿ ಬಡಿಯುತ್ತಿದ್ದ ಕೈ ಸ್ವಲ್ಪ ಹೊತ್ತು ನಿಂತಿತು. “ಕಳ್ಳರ ಸಂತಿ ಕೂಡೇತಿ ನಮ್ಮ ಮನ್ಯಾಗ,” ಎಂದು ಮತ್ತೆ ಬಡಿಯತೊಡಗಿದಳು. ಆದರೆ ಅಂದು ಅಜ್ಜನ ಪಲ್ಯಕ್ಕೆ ಒಂದೆರಡು ಎಸಳು ಬೆಳ್ಳುಳ್ಳಿ ಹೆಚ್ಚು ಬಿದ್ದವು. ತಾಟಿನ ಮೂಲೆಯಲ್ಲಿ, ಉಪ್ಪಿರಬೇಕಾದ ಜಾಗದಲ್ಲಿ, ಒಂದು ನಿಂಬೆಹಣ್ಣಿನ ಹೋಳು ಕುಳಿತಿತ್ತು.

ಬನಶಂಕರಿ ಲಡಿಯನ್ನು ಏಳು ನೀರಿನಲ್ಲಿ ತೊಳೆದಳು. ಏಳನೆಯ ನೀರು ಬಾವಿಯ ನೀರಿನಷ್ಟೇ ತಿಳಿಯಾಗಿತ್ತು. ಬಣ್ಣ ಎಲ್ಲೂ ಹೋಗಿರಲಿಲ್ಲ.

ನವೆಂಬರ್ ಒಂದರ ಮುಂಜಾನೆ. ದೀಪಾವಳಿಯ ಹಣತೆಗಳು ಆಗಲೇ ಕಟ್ಟೆಗಳ ಮೇಲೆ ಬಂದು ಕುಳಿತಿದ್ದವು. ಅಜ್ಜ ಗುಳಿಗೆ ನುಂಗಿ, ಒಗೆದ ರುಮಾಲು ಸುತ್ತಿ, ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟು ಶಾಲೆಗೆ ನಡೆದು ಬಂದ. ಎರಡು ಕಡೆ ನಿಂತು ಉಸಿರು ತೆಗೆದುಕೊಂಡ. ಅವಸರವಿರಲಿಲ್ಲ.

ಬಯಲಿನಲ್ಲಿ ಸುಣ್ಣದ ನಾಡು ಮಲಗಿತ್ತು. ಅಜ್ಜ ನೂಲಿನ ತುದಿ ಹಿಡಿದು ಮೊದಲ ಗೂಟದ ಬಳಿ ನಿಂತ. ಬನಶಂಕರಿ ಲಡಿ ಬಿಚ್ಚುತ್ತ ಹೊರಟಳು. ಬೀದರ, ರಾಯಚೂರು, ಬಳ್ಳಾರಿ, ಕೋಲಾರ, ಮೈಸೂರು, ಕೊಡಗು. ಸಮುದ್ರದ ಅಂಚಿನಲ್ಲಿ ತಿರುಗಿ ಕಾರವಾರ, ಬೆಳಗಾವಿ. ಹಗುರಾದ ಕೆಂಪು ಎಳೆ ಗಾಳಿಯಲ್ಲಿ ಸಣ್ಣಗೆ ನಡುಗುತ್ತ ಅವಳ ಹಿಂದೆಯೇ ಬಂತು. ಎಲ್ಲಿಯೂ ಹರಿಯಲಿಲ್ಲ. ಸುತ್ತು ಮುಗಿಸಿ ಅವಳು ತನ್ನ ತುದಿಯನ್ನು ಅಜ್ಜನ ಕೈಗೆ ಕೊಟ್ಟಳು. ಅಜ್ಜ ನೇಕಾರರ ಗಂಟು ಹಾಕಿದ, ಕಣ್ಣಿಗೆ ಕಾಣದಂಥದ್ದು.

ಮಕ್ಕಳೆಲ್ಲ ಕೂಗುತ್ತಿದ್ದರು. ಅಜ್ಜ ಶಾಲೆಯ ಮೆಟ್ಟಿಲ ಮೇಲೆ ಕುಳಿತುಕೊಂಡ. ಬನಶಂಕರಿ ಅವನ ಕಾಲ ಬಳಿ ಕುಳಿತು, ಧೋತರವನ್ನು ಒಂದಿಷ್ಟು ಸರಿಸಿ, ಎಲುಬಿನ ಮೇಲೆ ಹೆಬ್ಬೆರಳು ಒತ್ತಿದಳು.

“ಏನ್ ಮಾಡತೀ?”

“ಸುಮ್ಮ ಕುಂಡ್ರು ಅಜ್ಜಾ. ಎಣಸಾಕತ್ತೀನಿ.”

ಅವಳು ಬೆರಳು ತೆಗೆದಳು. ಒಂದು, ಎರಡು.

ಮೂರು ಎನ್ನುವ ಮೊದಲೇ ಗುಳಿ ತುಂಬಿತ್ತು.