ಎರಡೂ ಕಡೆಯಿಂದ ಒಂದೇ

ಈ ವಾರವೆಲ್ಲ ಸ್ಟಾಫ್ ರೂಮಿನ ಬೋರ್ಡು ಖಾಲಿ. ಅದನ್ನು ನೋಡಿದಾಗಲೆಲ್ಲ ಅವಳ ಮೈ ಉರಿಯುತ್ತಿತ್ತು.

ಇಬ್ಬರೂ ಒಂದೇ ಶಾಲೆಯಲ್ಲಿ ಗಣಿತ ಹೇಳಿಕೊಡುವವರು. ದಿನವೂ ಬೆಳಿಗ್ಗೆ ಅವನು ಆ ಬೋರ್ಡಿನ ಮೇಲೆ ಒಂದು ಭಾರಿ ಸಂಖ್ಯೆ ಬರೆಯುತ್ತಿದ್ದ. ಅದನ್ನು ಭಾಗಿಸುವ ಸಂಖ್ಯೆಗಳನ್ನು ಅವಳು ಕೆಳಗೆ ಬರೆಯುತ್ತಿದ್ದಳು. ಅವರ ಪ್ರೀತಿ ಬೆಳೆದದ್ದು ಹಾಗೆ. ಆರಂಕಿಗಿಂತ ಚಿಕ್ಕದನ್ನು ಅವನು ಕಣ್ಣೆತ್ತಿಯೂ ನೋಡುವವನಲ್ಲ. ಮಕ್ಕಳು ಅವನಿಗಿಟ್ಟ ಹೆಸರು ದೊಡ್ಡಂಕಿ ಮೇಷ್ಟ್ರು.

ಹೋದ ಶನಿವಾರ ಅವನು 742247 ಎಂದು ಬರೆದು, ಸೀಮೆಸುಣ್ಣ ಹಿಡಿದೇ ನಿಂತಿದ್ದ.

"ಹಿಂದಿನಿಂದ ಓದಿದ್ರೂ ಅದೇ, ಮುಂದಿನಿಂದ ಓದಿದ್ರೂ ಅದೇ. ನನ್ನ ಮನಸ್ಸೂ ಹಾಗೇ ಮೇಡಂ. ನನ್ನ ಮದುವೆ ಆಗ್ತೀರಾ?"

ಅವಳ ಕಿವಿ ಬಿಸಿಯಾಯಿತು. ಸಂಖ್ಯೆಯ ಕೆಳಗೆ 11 × 67477 ಎಂದು ಬರೆದಳು.

"ನಿಮ್ಮ ಮನಸ್ಸು ಹನ್ನೊಂದರಿಂದ ಭಾಗ ಆಗುತ್ತಲ್ಲ ಮೇಷ್ಟ್ರೇ!" ಎಂದು ಓರೆಗಣ್ಣಿನಿಂದ ನೋಡಿದಳು. "ಎರಡೂ ಕಡೆಯಿಂದ ಒಂದೇ ಇರಬೇಕು, ಅಂಕಿಗಳ ಎಣಿಕೆ ಸಮಸಂಖ್ಯೆ ಆಗಿರಬೇಕು, ಒಂದು ಮತ್ತೆ ತಾನು ಬಿಟ್ಟು ಬೇರೆ ಯಾವುದರಿಂದಲೂ ಭಾಗ ಆಗಬಾರದು. ಅಂಥ ಸಂಖ್ಯೆ ತನ್ನಿ, ಆಮೇಲೆ ನಾನು ಬೇಡ ಅಂದ್ರೆ ಕೇಳಿ."

ಸಂಜೆಯೊಳಗೆ ನಗುತ್ತ ಓಡಿಬರುತ್ತಾನೆಂದುಕೊಂಡಿದ್ದಳು. ಸೋಮವಾರ ಅವನು ಮುಖ ಊದಿಸಿಕೊಂಡು ಬಂದ. ಒಂದು ನಮಸ್ಕಾರ ಹೇಳಿ, ಉತ್ತರಪತ್ರಿಕೆಗಳ ರಾಶಿಯ ಹಿಂದೆ ಕೂತುಬಿಟ್ಟ. ಮಂಗಳವಾರವೂ ಅದೇ, ಬುಧವಾರವೂ ಅದೇ.

"ನಿಮ್ಮ ದೊಡ್ಡಂಕಿ ಬಾಯಿ ಬಿಟ್ನಾ?" ಮನೆಯಲ್ಲಿ ಅತ್ತಿಗೆ ಕೇಳಿದಳು. "ಭಾನುವಾರ ನಿಮ್ಮಣ್ಣ, ನಿಮ್ಮನ್ನ ನೋಡಿಹೋದ ಆ ಇಂಜಿನಿಯರ್ ಮನೆಯವರಿಗೆ ಮಾತು ಕೊಟ್ಟುಬಿಡ್ತಾರೆ."

"ಲೆಕ್ಕ ಮಾಡ್ತಿದಾರೆ ಅತ್ತಿಗೆ."

"ಮದುವೆಗೇ ಇಷ್ಟು ಲೆಕ್ಕ ಹಾಕೋನು, ಮುತ್ತು ಕೊಡೋಕೆ ಎಷ್ಟು ವರ್ಷ ತಗೋತಾನೋ!"

ಅವಳು ದೇವರ ಮುಂದೆ ಕೂತು ಕೈಮುಗಿದಳು. ತಂದೆಯೇ, ಆತನಿಗೆ ಅಷ್ಟೊಂದು ಬುದ್ಧಿ ಕೊಟ್ಟೆ. ಒಂದಿಷ್ಟು ಕಡಿಮೆ ಕೊಟ್ಟಿದ್ದರೆ ನಿನಗೇನು ನಷ್ಟವಾಗುತ್ತಿತ್ತು?

ಶನಿವಾರ ಶಾಲೆ ಬಿಟ್ಟಿತು. ಅವನು ಚೀಲ ಹೆಗಲಿಗೇರಿಸುತ್ತಿದ್ದಾಗ ಅವಳು ಸ್ಟಾಫ್ ರೂಮಿನ ಬಾಗಿಲನ್ನು ಧಡಾರನೆ ಹಾಕಿ ಅಡ್ಡ ನಿಂತಳು.

"ಎಲ್ರೀ ನನ್ನ ಸಂಖ್ಯೆ?"

"ಇಲ್ಲ ಅಂತ ನಿಮಗೂ ಗೊತ್ತು." ಅವನು ತಲೆಯೆತ್ತಲಿಲ್ಲ. "ಆರಂಕಿ, ಎಂಟಂಕಿ, ಹತ್ತಂಕಿ, ಯಾವುದಾದ್ರೂ ತಗೊಳ್ಳಿ. ಒಂದು ಬಿಟ್ಟು ಒಂದು ಅಂಕಿ ಕೂಡ್ತಾ ಹೋದ್ರೆ ಎರಡೂ ಮೊತ್ತ ಒಂದೇ ಬರುತ್ತೆ. ಹನ್ನೊಂದು ಎಲ್ಲವನ್ನೂ ಭಾಗಿಸಿಬಿಡುತ್ತೆ. ಇಷ್ಟ ಇಲ್ಲ ಅಂತ ನೇರವಾಗಿ ಹೇಳಬಹುದಿತ್ತು ಮೇಡಂ. ಇಲ್ಲದ್ದನ್ನ ಹುಡುಕೋಕೆ ಯಾಕೆ ಕಳಿಸಿದ್ರಿ?"

ಅವನ ದನಿ ಒಡೆದಿತ್ತು. ಅವಳು ಹಣೆ ಚಚ್ಚಿಕೊಂಡಳು.

"ಅಯ್ಯೋ ನನ್ನ ಕರ್ಮವೇ! ಎಲ್ಲವನ್ನೂ ಭಾಗಿಸುತ್ತೆ ಅಂದ್ರಲ್ಲ, ಅದನ್ನ ಯಾರು ಭಾಗಿಸ್ತಾರೆ?"

"ಯಾವುದನ್ನ?"

ಅವಳು ಸೀಮೆಸುಣ್ಣವನ್ನು ಅವನ ಅಂಗೈಯಲ್ಲಿ ಒತ್ತಿದಳು. ಅವನು ಹುಬ್ಬು ಗಂಟಿಕ್ಕಿದ. ಬಳಿಕ ಹುಬ್ಬು ನಿಧಾನವಾಗಿ ಮೇಲೇರಿತು. ಬೋರ್ಡಿನ ಹತ್ತಿರ ಹೋಗಿ 11 ಎಂದು ಬರೆದ.

"ಎರಡೇ ಅಂಕಿ..." ಎಂದ.

"ಇದೊಂದೇ ಇರೋದು. ಚಿಕ್ಕದು ಅಂತ ನೀವು ನೋಡಲೇ ಇಲ್ಲ. ಹೂಂ ಅನ್ನೋ ಆಸೆಗೇ ಆ ಪ್ರಶ್ನೆ ಕೇಳಿದ್ದು ಕಣ್ರೀ."

ಅವನು ನಾಚಿ, ಅಭ್ಯಾಸಬಲದಿಂದ ಡಸ್ಟರಿಗೆ ಕೈ ಹಾಕಿದ. ಅವಳು ಸುಣ್ಣ ಮೆತ್ತಿದ ಆ ಕೈಯನ್ನು ಹಿಡಿದುಕೊಂಡಳು.

"ಅದು ಹಾಗೇ ಇರಲಿ. ನಡೀರಿ, ಅಣ್ಣ ಮನೇಲಿದ್ದಾನೆ. ದಾರೀಲಿ ಯಾವುದಾದ್ರೂ ದೊಡ್ಡ ಸಂಖ್ಯೆ ಕಂಡ್ರೆ ಮಾತ್ರ ದಯವಿಟ್ಟು ನಿಲ್ಲಬೇಡಿ."