ನೀಲಿ ಟ್ಯಾಂಕು

"ಬೇರೆ ಏನು ಬೇಕಾದ್ರೂ ಬದಲಾಯಿಸು. ಆ ನೀಲಿ ಮಾತ್ರ ಕೆರೀಬೇಡ," ಎಂದಳು ವೆಲ್ಡಿಂಗ್ ಅಕ್ಕ.

ಗ್ಯಾರೇಜಿಗೆ ಪೇಂಟರ್ ಆಗಿ ಸೇರಿ ಅವನಿಗಿನ್ನೂ ವಾರ ತುಂಬಿರಲಿಲ್ಲ. ಎದುರಿಗೆ ಆನೆಮರಿಯಂತೆ ಕೂತಿದ್ದ ಕ್ರೂಸರ್ ಬೈಕಿಗೆ ಎತ್ತರದ ಹ್ಯಾಂಡಲ್, ಅಗಲ ಸೀಟು, ಜೋಡಿ ಸೈಲೆನ್ಸರ್ ಎಲ್ಲವೂ ಹೊಸದಾಗಿ ಬಂದಾಗಿತ್ತು. ಉಳಿದದ್ದು ಟ್ಯಾಂಕು. ಈಗ ಕೊಂಡವನಿಗೆ ಅದರ ಮೇಲೆ ಕೆಂಪು ಜ್ವಾಲೆ ಬೇಕಿತ್ತು.

"ಯಾಕಕ್ಕಾ, ಕೆರೆದ್ರೆ ನೀಲಿ ಅಳುತ್ತಾ?"

"ನಗಬೇಡ. ಹೆಂಡತಿ ಸಾಯ್ತಾ ಮಲಗಿದ್ರೂ ಇದರ ಮೊದಲನೇ ಯಜಮಾನ ಗಾಡಿ ಬಣ್ಣ ಕೆರೀತಾ, ಹೊಸದು ಬಳೀತಾ ಕೂತಿದ್ದ. ಅವಳು ತನ್ನ ಹೆರಳನ್ನೇ ಕತ್ತರಿಸಿ ಕೊಟ್ಟು ಮಾಟ ಮಾಡಿಸಿದಳು. ಇದನ್ನ ಕೆರೆದೋನು ಬಣ್ಣಕ್ಕೇ ಎರವಾಗಲಿ ಅಂತ."

"ಮಾಟಕ್ಕೆ ಹೆದರಿ ಕೂತ್ರೆ ಪೇಂಟರ್‌ಗೆ ಅನ್ನ ಹುಟ್ಟುತ್ತಾ?"

ಅವಳು ವೆಲ್ಡಿಂಗ್ ಕಡ್ಡಿ ಕೈಗೆತ್ತಿಕೊಂಡಳು. ಮುಖವಾಡ ಇಳಿಸಿಕೊಂಡಳು.

ನಡುಮಧ್ಯಾಹ್ನ ಅವನು ಪೇಂಟ್ ಕೋಣೆಯ ಬಾಗಿಲು ಹಾಕಿಕೊಂಡು ಉಜ್ಜತೊಡಗಿದ. ಥಿನ್ನರಿನ ಘಾಟಿನಡಿಯಿಂದ ಇನ್ನೊಂದು ವಾಸನೆ ಎದ್ದಿತು. ಸುಟ್ಟ ಕೂದಲಿನದು. ನೀಲಿಯ ಕೆಳಗೆ ತಗ್ಗು ತುಂಬಲು ಮೆತ್ತಿದ್ದ ಪುಟ್ಟಿಯಲ್ಲಿ ಹೆರಳೊಂದು ಸುರುಳಿ ಸುತ್ತಿಕೊಂಡಿತ್ತು. ಕಲ್ಲಾಗಿದ್ದ ಪುಟ್ಟಿಯೊಳಗೆ ಅದು ಮಾತ್ರ ಈಗಷ್ಟೇ ತಲೆಗೆ ನೀರೆರೆದುಕೊಂಡಂತೆ ಒದ್ದೆ. ತುದಿ ಹಿಡಿದು ಎಳೆದ. ಬಂತು. ಬರುತ್ತಲೇ ಇತ್ತು. ಖಾಲಿ ಟ್ಯಾಂಕಿನೊಳಗೆ ಯಾರೋ ದೀರ್ಘವಾಗಿ ಉಸಿರೆಳೆದುಕೊಂಡರು.

ಕಪಾಟಿನಲ್ಲಿದ್ದ ಕೆಂಪು ಡಬ್ಬಿ ಬೂದಿಬಣ್ಣಕ್ಕೆ ತಿರುಗಿತು. ಕಣ್ಣುಜ್ಜಿಕೊಂಡ. ಹಳದಿ ಹೋಯಿತು. ಹಸಿರು ಹೋಯಿತು. ತನ್ನ ಕೈ ನೋಡಿಕೊಂಡ. ಹೆಣದ ಕೈ. ಮೂಲೆಗಳಿಂದ ಕತ್ತಲು ತೆವಳಿ ಬರುತ್ತಿತ್ತು. ಬಾಗಿಲು ತಳ್ಳಿದ. ಜಪ್ಪಯ್ಯ ಅನ್ನಲಿಲ್ಲ. ಕೂದಲು ಮಣಿಕಟ್ಟು ಸುತ್ತಿತ್ತು. ಬಿಗಿಯುತ್ತಿತ್ತು.

"ಅಕ್ಕಾ!"

"ಕಿತ್ತದ್ದನ್ನ ವಾಪಸ್ ಇಡು!" ಹೊರಗಿನಿಂದ ಅವಳು ಕೂಗಿದಳು. "ಮೇಲೆ ನೀಲಿ ಬಳಿ! ಬೇಗ!"

ಹೆರಳನ್ನು ಮಣಿಕಟ್ಟಿನಿಂದ ಬಿಡಿಸಿ ಕುಳಿಗೆ ತುರುಕಿದ. ಪುಟ್ಟಿ ಮೆತ್ತಿದ. ಡಬ್ಬಿಗಳತ್ತ ತಿರುಗಿದ. ಎಲ್ಲವೂ ಬೂದಿ.

"ನೀಲಿ ಯಾವುದಕ್ಕಾ?"

"ಕೆಳಗಿನ ಸಾಲು! ಎಡದಿಂದ ಮೂರನೇದು!"

ಮಂಡಿಯೂರಿ ತಡವಿದ. ಒಂದು. ಎರಡು. ಕತ್ತಲು ಪೂರ್ತಿ ಮುಚ್ಚಿತು. ಮೂರು. ಉಗುರು ಮುರಿಯುವಂತೆ ಮುಚ್ಚಳ ಕಿತ್ತ. ಅಂಗೈಯಿಂದಲೇ ಬಳಿದ.

ಟ್ಯಾಂಕಿನೊಳಗಿನ ಉಸಿರು ನಿಂತಿತು. ಬಾಗಿಲು ತಾನಾಗಿ ತೆರೆದುಕೊಂಡಿತು.

ಕಣ್ಣಿಗೆ ಬೆಳಕು ಮರಳಿತು. ಬೆಳಕು ಮಾತ್ರ.

ಸಂಜೆ ಮನೆಯಲ್ಲಿ ಅವನು ನಡೆದದ್ದನ್ನು ಮುಚ್ಚಿಟ್ಟ. ಹೆಂಡತಿಯ ಮುಖ ಬೂದಿ ಬಳಿದಂತಿತ್ತು. ಬೆಚ್ಚಗಿದೆಯೇ ಎಂದು ಕೆನ್ನೆ ಮುಟ್ಟಿ ನೋಡಿದ. ಮಗಳು ಚಿತ್ರದ ಹಾಳೆ ಹಿಡಿದು ಓಡಿ ಬಂದಳು. ಹೂವು, ಚಿಟ್ಟೆ, ಮನೆ.

"ಹೆಂಗಿದೆ ಅಪ್ಪಾ?"

"ಬಣ್ಣ ಎಷ್ಟು ಚೆನ್ನಾಗಿ ಹಚ್ಚಿದೀಯ ಮಗಳೇ!"

ಅವಳು ಹಾಳೆಯನ್ನೊಮ್ಮೆ, ಅಪ್ಪನ ಕಣ್ಣನ್ನೊಮ್ಮೆ ನೋಡಿದಳು.

"ಬಣ್ಣ ಇನ್ನೂ ಹಚ್ಚೇ ಇಲ್ವಲ್ಲಪ್ಪಾ."