ಅವನು ಬಿಚ್ಚದ ಮುಷ್ಟಿ

"ಲೇ ಬಾಲರಾಜಾ! ನನ್ನ ತಂಗಿ ಮ್ಯಾಲೆ ಕಣ್ಣು ಹಾಕ್ತೀಯೇನ್ಲೇ?"

ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಮಾರಣ್ಣ ಬೀಸಿದ ಕಬ್ಬಿಣದ ರಾಡು ಕಂಡಕ್ಟರ್ ಬಾಲರಾಜನ ಭುಜಕ್ಕೆ ಬಿತ್ತು. ಇನ್ನೊಂದು ಏಟಿಗೆ ಅವನು ನೆಲಕ್ಕೆ ಕುಸಿದ.

ತಂಗಿ ಸೌಂದರ್ಯ ಸೀರೆಗಂಟು ಎಸೆದು ಓಡಿ ಬಂದಳು. ಮೊಳಕಾಲ್ಮೂರಿನಲ್ಲಿ ಮನೆಯವರು ನೇಯ್ದ ರೇಷ್ಮೆ ಸೀರೆಗಳನ್ನು ಅವಳು ವಾರವಾರ ಇಲ್ಲಿಯ ಅಂಗಡಿಗೆ ತರುತ್ತಿದ್ದಳು, ಬಾಲರಾಜನ ಬಸ್ಸಿನಲ್ಲೇ. ಬೇಕಂತಲೇ ಇವನ ಬಸ್ಸಿಗೆ ಕಾಯುತ್ತಿದ್ದಳು ಅನ್ನಿ! ಆದರೆ ಆ ಪುಣ್ಯಾತ್ಮ ಒಂದು ದಿನವೂ ನಕ್ಕವನಲ್ಲ. ತುಟಿ ಬಿಗಿದುಕೊಂಡೇ ಟಿಕೆಟ್ ಕೊಡುತ್ತಿದ್ದ.

ಎಷ್ಟು ಜಂಬ ಇವನಿಗೆ... ಎಂದು ಬೈದುಕೊಳ್ಳುತ್ತಲೇ ಮನಸ್ಸು ಕೊಟ್ಟಿದ್ದಳು.

"ಬ್ಯಾಡ ಕಣಣ್ಣಾ!"

ಅವಳು ನಡುವೆ ನುಗ್ಗಿದಳು. ಮತ್ತೆ ರಾಡು ಎತ್ತಿದ ಮಾರಣ್ಣನ ಮೊಣಕೈ ಅವಳ ಬಾಯಿಗೇ ಬಡಿಯಿತು.

ಬಾಯಿ ತುಂಬ ರಕ್ತ! ಮುಂದಿನ ಹಲ್ಲು ಬೇರುಸಮೇತ ಕಿತ್ತು ಮಣ್ಣಿಗೆ ಬಿದ್ದಿತ್ತು.

ಟೀ ಅಂಗಡಿಯ ನಾಗಕ್ಕ ಗಾಬರಿಯಲ್ಲಿ ಅದನ್ನೆತ್ತಿ, ಮಕ್ಕಳ ಹಾಲುಹಲ್ಲಿಗೆ ಮಾಡುವಂತೆ, ತನ್ನ ಅಂಗಡಿಯ ತಗಡಿನ ಸೂರಿನ ಮೇಲೆ ಎಸೆದೇಬಿಟ್ಟಳು. ಪಾಪ, ಕೈಗೆ ಬಂದ ಅಭ್ಯಾಸ!

"ಮತ್ತೆ ಹುಟ್ತೈತೆ ಬಿಡವ್ವ..."

ಬಾಲರಾಜ ದಡಬಡಿಸಿ ಎದ್ದವನೇ ಅಂಗಡಿಯ ಹಿಂದಕ್ಕೆ ಓಡಿದ.

"ನೋಡ್ದ್ಯಾ? ಓಡಿಹೋದ ನಿನ್ನ ಹೀರೋ!" ತಂಗಿಯ ರಕ್ತ ಕಂಡು ಮಾರಣ್ಣ ಒಂದು ಹೆಜ್ಜೆ ಹಿಂದೆ ಸರಿದಿದ್ದ. ಆದರೂ ಬಾಯಿ ಸೋಲಲಿಲ್ಲ.

ಸೌಂದರ್ಯಳಿಗೆ ನೋವೇ ಮರೆತುಹೋಯಿತು. ನನ್ನನ್ನು ಹೀಗೆ ಬಿಟ್ಟು ಓಡಿದನಾ? ಇಂಥವನಿಗಾಗಿ ಏಟು ತಿಂದೆನಾ?

ತಲೆಯ ಮೇಲೆ ತಗಡು ಧಡಧಡ ಸದ್ದಾಯಿತು. ಬಾಲರಾಜ ಸೂರಿನಿಂದ ಧುಮುಕಿದ. ಬಲಗೈ ಮುಷ್ಟಿ ಬಿಗಿಯಾಗಿತ್ತು.

"ಕಲ್ಲು ತಂದ್ಯೇನ್ಲೇ? ಬಿಚ್ಚು ಕೈ!"

ಮಾರಣ್ಣ ಆ ಮುಷ್ಟಿಗೇ ಹೊಡೆದ. ಬೆರಳಿನ ಗೆಣ್ಣು ಒಡೆದು ರಕ್ತ ಸುರಿಯಿತು.

"ಹಾಲು ಕೊಡು ನಾಗಕ್ಕ! ಬಿಸಿದಲ್ಲ, ತಣ್ಣಂದು!" ಬಾಲರಾಜ ಕೂಗಿದ.

ಮತ್ತೊಂದು ಏಟು. ಬಾಲರಾಜ ಚೀರಿದ, ಕೈ ಮಾತ್ರ ಬಿಚ್ಚಲಿಲ್ಲ.

ಹಾಲಿನ ಲೋಟ ಎದುರಿಗೆ ಬಂದಾಗಲೇ ಅವನು ಬೆರಳು ಬಿಡಿಸಿದ್ದು. ಅಂಗೈಯಲ್ಲಿ ಅವಳ ಹಲ್ಲು! ಬೇರು ಮುಟ್ಟದೆ ಮೇಲ್ಭಾಗ ಹಿಡಿದು ಮೆಲ್ಲಗೆ ಹಾಲಿಗೆ ಬಿಟ್ಟ.

"ಯಾರೂ ಉಜ್ಜಬ್ಯಾಡ್ರಿ. ಈಗ್ಲೇ ಡಾಕ್ಟ್ರ ಹತ್ರ ಹೋದ್ರೆ ಕೂರ್ತೈತೆ."

ಮಾರಣ್ಣನ ಕೈಯಿಂದ ರಾಡು ಜಾರಿತು. "ಆಟೋ... ಲೇ ಆಟೋ!" ಎಂದು ಅಳುತ್ತಾ ಅವನೇ ಓಡಿದ.

ಹಲ್ಲಿನ ಡಾಕ್ಟರು ಹಲ್ಲನ್ನು ಅದರ ಜಾಗಕ್ಕೆ ಕೂರಿಸಿ, ಪಕ್ಕದ ಹಲ್ಲುಗಳಿಗೆ ತಂತಿಯಿಂದ ಬಿಗಿದರು. "ಬೇಗ ತಂದಿದ್ದೀರಿ, ಉಳಿಯಬಹುದು" ಅಂದರು.

ಮಾರಣ್ಣ ಬಾಲರಾಜನ ಕೈಗೆ ತನ್ನ ಟವೆಲ್ ಸುತ್ತಿ ಹೊರಗೆ ಹೋದ.

"ನಿಮಗೆ ಇದೆಲ್ಲ ಹೆಂಗೆ ಗೊತ್ತು?" ಸೌಂದರ್ಯ ತೊದಲಿದಳು.

ಬಾಲರಾಜ ಮೊದಲ ಸಲ ನಕ್ಕ. ಅಯ್ಯೋ... ಅವನಿಗೂ ಮುಂದಿನ ಹಲ್ಲಿರಲಿಲ್ಲ!

"ಬಸ್ ಬ್ರೇಕ್ ಹಾಕ್ದಾಗ ಹೋಯ್ತು. ಹಾಲಲ್ಲಿಟ್ಟು ತಂದಿದ್ರೆ ಉಳೀತಿತ್ತು ಅಂತ ಆಮೇಲೆ ಅಂದ್ರು. ಅದಕ್ಕೇ ನಿಮ್ಮ ಮುಂದೆ ನಗ್ತಿರಲಿಲ್ಲ... ಎಲ್ಲಿ ಬೇರೆ ಬಸ್ಸಿಗೆ ಹೋಗ್ತೀರೋ ಅಂತ ಭಯ!"

ಅವಳ ಕಣ್ಣು ತುಂಬಿ ಬಂತು.

"ಬಿಚ್ಚು ಕೈ."

"ಯಾಕ್ರಿ?"

ಟವೆಲ್ ಸುತ್ತಿದ ಅಂಗೈಯೊಳಗೆ ಸೌಂದರ್ಯ ತನ್ನ ಬೆರಳುಗಳನ್ನು ಇಟ್ಟಳು.

"ಈಗ ಮುಚ್ಕೋ."